ಅಪ್ಪನ ಏಸ್ ಗಾಡಿಗೆ ಮೊದಲ ಸಲ ಸ್ಟೀರಿಯೋ ಹಾಕಿದ್ದು

ಚಿಕ್ಕ ಗೂಡ್ಸ್ ಗಾಡಿಗೆ ಸ್ಟೀರಿಯೋ ಹಾಕಬೇಕು ಅಂತಿರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ವೂಫರ್‌ಗೆ, ಅಂದರೆ ಬರೀ ಬಾಸ್ ಹೊಡೆಯುವ ದೊಡ್ಡ ಸ್ಪೀಕರ್‌ಗೆ, ದುಡ್ಡು ಸುರಿಯಬೇಡಿ. ಅದೇ ದುಡ್ಡನ್ನು ವೈರಿಗೆ, ಬಾಗಿಲಿಗೆ, ಒಂದು ಜೊತೆ ಒಳ್ಳೆ ಸ್ಪೀಕರ್‌ಗೆ ಹಾಕಿ. ಯಾಕೆ ಅಂತ ವಿವರವಾಗಿ ಬರೆಯುತ್ತೇನೆ. ಈ ವಿಷಯ ಹುಡುಕಿದರೆ ನನಗೆ ಸಿಕ್ಕಿದ್ದೆಲ್ಲ ದೊಡ್ಡ ಕಾರುಗಳ ವಿಡಿಯೋಗಳೇ, ಬಾಡಿಗೆ ಹೊಡೆಯುವ ಗಾಡಿಯ ಬಗ್ಗೆ ಹೇಳುವವರು ತುಂಬಾ ಕಡಿಮೆ.

ನಮ್ಮದು ಟಾಟಾ ಏಸ್, ಹಳೇ ಮಾಡೆಲ್, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಈ ಗಾಡಿ 2005ರಲ್ಲಿ ಬಂತು, ಬಂದ ಮೇಲೆ ಎಲ್ಲೆಡೆ 'ಚೋಟಾ ಹಾಥಿ' ಅಂತಲೇ ಹೆಸರಾಯಿತು. ಅಪ್ಪ ತಿಪಟೂರಿನ ಸುತ್ತಮುತ್ತ ಕೊಬ್ಬರಿ ಚೀಲ, ತೆಂಗಿನಕಾಯಿ, ಒಮ್ಮೊಮ್ಮೆ ಮನೆ ಸಾಮಾನು ಸಾಗಿಸುತ್ತಾರೆ. ದಿನಕ್ಕೆ ಅರ್ಧ ಹೊತ್ತು ಕ್ಯಾಬಿನ್‌ನಲ್ಲೇ ಇರುತ್ತಾರೆ, ಅದೂ ಒಬ್ಬರೇ. ಅವರಿಗೆ ಬೇಕಾಗಿದ್ದು ಪ್ರದೇಶ ಸಮಾಚಾರ, ಹರಿಕಥೆ, ಹಳೇ ಹಾಡು. "ಸೌಂಡು ಜಾಸ್ತಿ ಬೇಡ ಕಣೋ, ಮಾತು ಅರ್ಥ ಆದ್ರೆ ಸಾಕು" ಅಂದಿದ್ದರು. ಇಡೀ ಕೆಲಸವನ್ನು ನಾನು ಆ ಒಂದು ಮಾತಿನ ಮೇಲೇ ಮಾಡಿದ್ದು.

ಈ ಗಾಡಿಯಲ್ಲಿ ಮಾತು ಅರ್ಥವಾಗುವುದು ಯಾಕೆ ಕಷ್ಟ ಅಂದರೆ, ಇಂಜಿನ್ ಇರುವುದೇ ಸೀಟಿನ ಕೆಳಗೆ. 700 ಸಿಸಿಯ ಎರಡು ಸಿಲಿಂಡರ್ ಡೀಸೆಲ್. ಎರಡು ಸಿಲಿಂಡರ್‌ನ ಫೋರ್ ಸ್ಟ್ರೋಕ್ ಇಂಜಿನ್ ಒಂದು ಸುತ್ತಿಗೆ ಒಂದು ಸಲ ಫೈರ್ ಆಗುತ್ತದೆ. ನಿಮಿಷಕ್ಕೆ 2400 ಸುತ್ತು ಅಂದರೆ ಸೆಕೆಂಡಿಗೆ 40 ಸಲ, ಅಂದರೆ 40 ಹರ್ಟ್ಸ್. ಇನ್ನೂ ಸ್ವಲ್ಪ ತುಳಿದು 3000ಕ್ಕೆ ಹೋದರೆ 50 ಹರ್ಟ್ಸ್. ವೂಫರ್ ಹೊಡೆಯುವ ಬಾಸ್ ಕೂಡ ಇದೇ ಜಾಗದಲ್ಲಿ ಇರುವುದು! ಇಂಜಿನ್ ಅಲ್ಲಿ ಆಗಲೇ ಗುಂಯ್‌ಗುಡುತ್ತಾ ಕೂತಿರುತ್ತದೆ, ನೀವು ಅದರ ಮೇಲೆ ಇನ್ನೊಂದು ಗುಂಯ್ ಸೇರಿಸಿದರೆ ತಲೆನೋವು ಬಿಟ್ಟು ಬೇರೇನೂ ಸಿಗಲ್ಲ. ಮನುಷ್ಯರ ಮಾತಿನ ಸ್ಪಷ್ಟತೆ ಇರುವುದು ಹೆಚ್ಚುಕಡಿಮೆ 1000ದಿಂದ 4000 ಹರ್ಟ್ಸ್ ನಡುವೆ. ನಾವು ಗೆಲ್ಲಬೇಕಾಗಿದ್ದು ಅಲ್ಲಿ. ಪಿ.ಬಿ. ಶ್ರೀನಿವಾಸ್ ಅವರ ಮೆತ್ತನೆ ದನಿ ಡೀಸೆಲ್ ಸದ್ದಿನ ಮೇಲೂ ಬಿಡಿಸಿ ಬಿಡಿಸಿ ಕೇಳಿಸಿತು ಅಂದರೆ ಕೆಲಸ ಸರಿಯಾಗಿದೆ ಅಂತ ಲೆಕ್ಕ.

ಸಾಮಾನು ತರೋಕೆ ಬೆಂಗಳೂರಿಗೇ ಹೋದೆ. ಟೌನ್ ಹಾಲ್‌ನಿಂದ ಮಿನರ್ವಾ ಸರ್ಕಲ್ ಕಡೆ ಹೋಗುವ ಜೆ.ಸಿ. ರೋಡ್ ಪೂರ್ತಿ ಗಾಡಿ ಸಾಮಾನಿನ ಅಂಗಡಿಗಳು, ಅಲ್ಲೇ ಹತ್ತಿರ ಎಸ್.ಪಿ. ರೋಡ್‌ನಲ್ಲಿ ವೈರು, ಜಾಯಿಂಟ್ ಮುಚ್ಚುವ ಸ್ಲೀವ್, ವೈರ್ ಜೋಡಿಸಿ ಬಿಚ್ಚುವ ಕಪ್ಲರ್, ಸೋಲ್ಡರಿಂಗ್ ಸಾಮಾನು ಎಲ್ಲ ಸಿಗುತ್ತದೆ. ಒಂದು ಅಂಗಡಿಯಲ್ಲಿ ನಾನು ಏಸ್ ಗಾಡಿ ಅಂದ ತಕ್ಷಣ ಸೀಟಿನ ಹಿಂದೆ ಇಡುವ ಟ್ಯೂಬ್ ವೂಫರ್ ಮತ್ತು ಆಂಪ್ಲಿಫೈಯರ್ ತೆಗೆದು ಮುಂದಿಟ್ಟರು. ಬೇಡ ಅಂತ ಬಂದೆ.

ಸೆಟ್ ಕೊಳ್ಳುವಾಗ ಡಬ್ಬದ ಮೇಲಿನ ವ್ಯಾಟ್ ನೋಡಿ ಮರುಳಾಗಬೇಡಿ. '50 ವ್ಯಾಟ್ ಇಂಟು 4' ಅಂತ ದೊಡ್ಡದಾಗಿ ಬರೆದಿರುತ್ತಾರೆ, ಅಂದರೆ 200 ವ್ಯಾಟ್. ಸೆಟ್ಟನ್ನು ತಿರುಗಿಸಿ ಹಿಂದೆ ಇರುವ ಫ್ಯೂಸ್ ನೋಡಿ. ನಮ್ಮದರಲ್ಲಿ 10 ಆಂಪಿಯರ್ ಇದೆ. ಗಾಡಿ ಓಡುವಾಗ ಸುಮಾರು 14 ವೋಲ್ಟ್ ಬರುತ್ತದೆ ಅಂತಿಟ್ಟುಕೊಳ್ಳಿ, ಒಳಗೆ ಹೋಗುವುದೇ 140 ವ್ಯಾಟ್. ಹೊರಗೆ 200 ಎಲ್ಲಿಂದ ಬರಬೇಕು? ನಿಜವಾಗಿ ಒಂದು ಸ್ಪೀಕರ್‌ಗೆ ನಿರಂತರವಾಗಿ ಸಿಗುವುದು 15, 20 ವ್ಯಾಟ್ ಅಷ್ಟೆ. ಅಷ್ಟು ಚಿಕ್ಕ ಕ್ಯಾಬಿನ್‌ಗೆ ಅದು ಧಾರಾಳ, ಸ್ಪೀಕರ್ ಸರಿಯಾಗಿ ಆರಿಸಿದರೆ. ಸ್ಪೀಕರ್ ಡಬ್ಬದ ಮೇಲೆ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತದೆ, ಡೆಸಿಬಲ್‌ನಲ್ಲಿ, ಅಷ್ಟೇ ಪವರ್‌ಗೆ ಸ್ಪೀಕರ್ ಎಷ್ಟು ಜೋರಾಗಿ ಕೇಳಿಸುತ್ತದೆ ಅಂತ. 87 ಇರುವುದಕ್ಕಿಂತ 90 ಇರುವುದನ್ನು ತಗೊಂಡರೆ, ಆ 3 ಡೆಸಿಬಲ್ ವ್ಯತ್ಯಾಸ ಸೆಟ್ಟಿನ ಪವರ್ ಎರಡರಷ್ಟು ಮಾಡಿದ್ದಕ್ಕೆ ಸಮ. ಅಂಗಡಿಯಲ್ಲಿ ಯಾರೂ ಇದನ್ನು ಹೇಳಲ್ಲ, ನೀವೇ ಕೇಳಿ ನೋಡಿ ತಗೊಳ್ಳಿ. 4 ಓಮ್‌ನ 6 ಇಂಚಿನ ಕೋಆಕ್ಸಿಯಲ್ (ದೊಡ್ಡ ಸ್ಪೀಕರ್ ನಡುವೆಯೇ ಚಿಕ್ಕದೊಂದು ಇರುವಂಥದ್ದು) ಒಂದು ಜೊತೆ ತಂದೆ. ಸೆಟ್ಟಿನಲ್ಲಿ ಬ್ಲೂಟೂತ್, ಯುಎಸ್‌ಬಿ ಇದ್ದರೆ ಸಾಕು, ಸ್ಕ್ರೀನ್ ಬೇಡವೇ ಬೇಡ. ಓಡಿಸುವವರ ಕಣ್ಣು ರಸ್ತೆ ಮೇಲಿರಬೇಕು.

ಈಗ ವೈರಿಂಗ್. ನನ್ನ ಪ್ರಕಾರ ಜಾಸ್ತಿ ಸಮಯ ಕೊಡಬೇಕಾಗಿದ್ದು ಇದಕ್ಕೇ. ಹಿಂದೆ ಯಾರೋ ಹಾಕಿಸಿ ಬಿಚ್ಚಿದ್ದ ವೈರುಗಳು ಡ್ಯಾಶ್‌ಬೋರ್ಡ್ ಒಳಗೆ ಹಾಗೇ ಇದ್ದವು, ಬರೀ ತಿರುಚಿ ಕಪ್ಪು ಟೇಪ್ ಸುತ್ತಿದ್ದರು. ಇಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ ತಾಮ್ರ ಹೊರಗೆ ಕಾಣುತ್ತಿತ್ತು. ಕೊಬ್ಬರಿ ಚೀಲ ತುಂಬಿದ ಗಾಡಿಯಲ್ಲಿ ಒಂದು ಕಿಡಿ ಹಾರಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅದನ್ನೆಲ್ಲ ಕಿತ್ತು ಹಾಕಿ ಬ್ಯಾಟರಿಯಿಂದಲೇ ಹೊಸ ವೈರ್ ಎಳೆದೆ. ಎರಡೂವರೆ ಸ್ಕ್ವೇರ್ ಎಂಎಂ, ಶುದ್ಧ ತಾಮ್ರದ್ದು. ಅಲ್ಯೂಮಿನಿಯಂ ಮೇಲೆ ತಾಮ್ರದ ಬಣ್ಣ ಇರುವ ವೈರೂ ಮಾರುತ್ತಾರೆ, ತುದಿ ಕೆರೆದು ನೋಡಿದರೆ ಬೆಳ್ಳಗೆ ಕಾಣುತ್ತದೆ, ಅದನ್ನು ತಗೊಳ್ಳಬೇಡಿ. ಬ್ಯಾಟರಿಯಿಂದ ಒಂದು ಗೇಣಿನೊಳಗೇ 15 ಆಂಪಿಯರ್ ಫ್ಯೂಸ್ ಹಾಕಿ. ಸೆಟ್ಟಿನ ಹಿಂದೆ ಫ್ಯೂಸ್ ಇದೆಯಲ್ಲ ಅಂತ ಕೇಳಬಹುದು. ಅದು ಕಾಯುವುದು ಸೆಟ್ಟನ್ನು ಮಾತ್ರ. ಲೋಡ್ ಬಾಡಿ ಕೆಳಗೆ ಹಾದು ಬರುವ ವೈರ್ ಎಲ್ಲಾದರೂ ಚಾಸಿಗೆ ಉಜ್ಜಿ ಶಾರ್ಟ್ ಆದರೆ ಇಡೀ ಬ್ಯಾಟರಿಯ ಶಕ್ತಿ ಆ ವೈರಿನಲ್ಲೇ ಹರಿಯುತ್ತದೆ, ಅದನ್ನು ತಡೆಯುವುದು ಬ್ಯಾಟರಿ ಪಕ್ಕದ ಫ್ಯೂಸ್. ವೈರನ್ನು ಸುರುಳಿ ಪೈಪಿನೊಳಗೆ ಹಾಕಿ, ತಗಡಿನ ತೂತು ದಾಟುವ ಕಡೆ ರಬ್ಬರ್ ಬುಷ್ ಕೂರಿಸಿದೆ. ಪ್ರತಿ ಜಾಯಿಂಟನ್ನೂ ಬೆಸುಗೆ ಹಾಕಿ ಮೇಲೆ ಸ್ಲೀವ್ ಏರಿಸಿ ಬಿಸಿ ಮಾಡಿದೆ.

ಸೆಟ್ಟಿನ ವೈರ್ ಬಣ್ಣಗಳು ಸಾಮಾನ್ಯವಾಗಿ ಹೀಗಿರುತ್ತವೆ: ಹಳದಿ ಸದಾ ಬ್ಯಾಟರಿಗೆ, ಕೆಂಪು ಕೀಗೆ (ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರಿಗೆ), ಕಪ್ಪು ಅರ್ಥ್, ಅಂದರೆ ಗಾಡಿಯ ತಗಡಿಗೆ. ಮುಂದಿನ ಎಡ ಸ್ಪೀಕರ್ ಬಿಳಿ, ಮುಂದಿನ ಬಲ ಬೂದು, ಅದೇ ಬಣ್ಣದಲ್ಲಿ ಕಪ್ಪು ಗೆರೆ ಇರುವುದು ಮೈನಸ್. ಹಿಂದಿನ ಸ್ಪೀಕರ್‌ಗಳ ಹಸಿರು, ನೇರಳೆ ನಮಗೆ ಬೇಡ, ತುದಿಗಳನ್ನು ಬೇರೆ ಬೇರೆಯಾಗಿ ಮುಚ್ಚಿಟ್ಟೆ. ಕೆಲವರು ಕೆಂಪು, ಹಳದಿ ಎರಡನ್ನೂ ಸೇರಿಸಿ ನೇರ ಬ್ಯಾಟರಿಗೆ ಕೊಟ್ಟುಬಿಡುತ್ತಾರೆ, ಕೀ ಇಲ್ಲದೆಯೂ ಹಾಡುತ್ತದೆ ಅಂತ. ಮಂಡಿಯಲ್ಲಿ ಲೋಡ್ ಇಳಿಯುವ ತನಕ ಹಾಡು ಹಾಕಿಕೊಂಡು ಕೂತರೆ, ಅಥವಾ ಆಫ್ ಮಾಡಲು ಮರೆತರೆ ಬ್ಯಾಟರಿ ಇಳಿದುಹೋಗುತ್ತದೆ. ಡೀಸೆಲ್ ಇಂಜಿನ್ ಸ್ಟಾರ್ಟ್ ಆಗೋಕೆ ಬ್ಯಾಟರಿ ಗಟ್ಟಿ ಇರಲೇಬೇಕು. ದಯವಿಟ್ಟು ಕೆಂಪನ್ನು ಕೀಗೇ ಕೊಡಿ.

ಅರ್ಥ್ ಬಗ್ಗೆ ಒಂದು ಮಾತು. ಹಾಡಿನ ಹಿಂದೆ ಸೀಟಿ ಥರ ಸದ್ದು ಬಂದು, ಆಕ್ಸಿಲರೇಟರ್ ತುಳಿದಂತೆ ಅದೂ ಏರುತ್ತಾ ಹೋದರೆ ಅದು ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಡೈನಮೋ) ಸದ್ದು. ಹೆಚ್ಚಿನ ಸಲ ಅದಕ್ಕೆ ಕಾರಣ ಸಡಿಲ ಅರ್ಥ್. ಬಣ್ಣದ ಮೇಲೆ ಸ್ಕ್ರೂ ಹೊಡೆದರೆ ಅರ್ಥ್ ಸಿಗಲ್ಲ. ತಗಡಿನ ಬಣ್ಣವನ್ನು ಎಮರಿ ಪೇಪರ್‌ನಲ್ಲಿ ಹೊಳೆಯುವ ತನಕ ಕೆರೆದು, ರಿಂಗ್ ಲಗ್ ಇಟ್ಟು ಬೋಲ್ಟ್ ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದೆ. ನಮ್ಮ ಗಾಡಿಯಲ್ಲಿ ಸೀಟಿ ಬರಲೇ ಇಲ್ಲ.

ಬಾಗಿಲು ಬರೀ ತಗಡು. ತಟ್ಟಿದರೆ ಡಬ್ಬದ ಥರ ಸದ್ದು ಬರುತ್ತದೆ. ಅದರ ಒಳಮೈಗೆ ತಗಡಿನ ಅದುರು ತಡೆಯುವ ಬ್ಯುಟೈಲ್ (ಒಂದು ಬಗೆಯ ರಬ್ಬರ್) ಶೀಟ್ ಅಂಟಿಸಿ ರೋಲರ್‌ನಲ್ಲಿ ಒತ್ತಿದೆ. ಟಾರಿನ ಶೀಟ್ ಅಗ್ಗ, ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಕರಗಿ ವಾಸನೆ ಹೊಡೆಯುತ್ತದೆ. ಸ್ಪೀಕರ್‌ನ ಹಿಂದಿನ ಗಾಳಿ ಮುಂದೆ ಬಂದು ಸೇರಿದರೆ ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ, ಅದಕ್ಕೇ ಬಾಗಿಲ ಒಳ ತಗಡಿನ ದೊಡ್ಡ ತೂತುಗಳನ್ನೂ ಮುಚ್ಚಿದೆ. ಆದರೆ ಬಾಗಿಲ ತಳದ ಸಣ್ಣ ತೂತುಗಳನ್ನು ಮಾತ್ರ ಮುಟ್ಟಬೇಡಿ. ಗ್ಲಾಸ್ ಪಕ್ಕದಿಂದ ಒಳಗಿಳಿದ ಮಳೆ ನೀರು ಅಲ್ಲಿಂದಲೇ ಹೋಗಬೇಕು, ಇಲ್ಲದಿದ್ದರೆ ಬಾಗಿಲು ತುಕ್ಕು ಹಿಡಿಯುತ್ತದೆ. ಅದೇ ನೀರು ಸ್ಪೀಕರ್ ಮೇಲೆ ಬೀಳದಿರಲಿ ಅಂತ ಮ್ಯಾಗ್ನೆಟ್ ಮೇಲುಗಡೆ ಪ್ಲಾಸ್ಟಿಕ್‌ನ ಸಣ್ಣ ಸೂರು ಮಾಡಿದೆ. ತೂತು ಕೊರೆಯುವ ಮುಂಚೆ ಗ್ಲಾಸನ್ನು ಪೂರ್ತಿ ಇಳಿಸಿ ಆಳ ಅಳೆಯಿರಿ. ಜಾಗ ಸಾಲದಿದ್ದರೆ ವಾಟರ್‌ಪ್ರೂಫ್ ಪ್ಲೈವುಡ್‌ನಲ್ಲಿ ರಿಂಗ್ ಕತ್ತರಿಸಿ ಸ್ಪೀಕರನ್ನು ಹೊರಗೆ ತರಬಹುದು, ನಾನು 12 ಎಂಎಂದು ಹಾಕಿದೆ.

ಪ್ಲಸ್ ಮೈನಸ್ ಗೊತ್ತಾಗದಿದ್ದರೆ ಗೋಡೆ ಗಡಿಯಾರದ ಒಂದೂವರೆ ವೋಲ್ಟ್ ಶೆಲ್ ತಗೊಂಡು ಸ್ಪೀಕರ್ ವೈರಿಗೆ ಒಂದು ಕ್ಷಣ ಮುಟ್ಟಿಸಿ. ಕೋನ್ (ಸ್ಪೀಕರ್‌ನ ಅದುರುವ ಬಟ್ಟಲು) ಮುಂದೆ ಬಂದರೆ ಶೆಲ್ಲಿನ ಪ್ಲಸ್ ಮುಟ್ಟಿದ್ದೇ ಪ್ಲಸ್. ಒಂದು ಬಾಗಿಲಲ್ಲಿ ಉಲ್ಟಾ ಆದರೂ ಒಂದು ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ, ಹಾಡು ಟೊಳ್ಳಾಗುತ್ತದೆ.

ಎಲ್ಲ ಮುಗಿದ ಮೇಲೆ ಸೆಟ್ಟಿಂಗ್. 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದೆ, ಅದು ಇಂಜಿನ್‌ಗೇ ಇರಲಿ. 2000 ಹರ್ಟ್ಸ್ ಆಸುಪಾಸು ಸ್ವಲ್ಪ ಏರಿಸಿದೆ. ಬಲ ಸ್ಪೀಕರ್ ಅಪ್ಪನ ಕಾಲಿನ ಹತ್ತಿರವೇ ಇರುವುದರಿಂದ ಬ್ಯಾಲೆನ್ಸ್ ಸ್ವಲ್ಪ ಎಡಕ್ಕೆ ತಳ್ಳಿದೆ. ಆಮೇಲೆ ಸ್ನೇಹಿತನನ್ನು ಬೈಕಿನಲ್ಲಿ ಹಿಂದೆ ನಿಲ್ಲಿಸಿ ಹಾರ್ನ್ ಹೊಡೆಸಿ, ಹಾರ್ನ್ ಸ್ಪಷ್ಟವಾಗಿ ಕೇಳುವ ಮಟ್ಟಕ್ಕಿಂತ ವಾಲ್ಯೂಮ್ ಏರಿಸಬೇಡಿ ಅಂತ ಅಪ್ಪನಿಗೆ ಅಂಕಿ ತೋರಿಸಿಕೊಟ್ಟೆ. ಒಪ್ಪಿಕೊಂಡರು.

ಬಾಕಿ ಉಳಿದಿದ್ದು ರೇಡಿಯೋ. ಬೆಂಗಳೂರಿನ 101.3, 102.9 ಎಫ್‌ಎಂ ನಮ್ಮೂರಿನ ತನಕ ಸರಿಯಾಗಿ ಬರಲ್ಲ. ಅಪ್ಪ ಮನೆಯಲ್ಲಿ 612ಕ್ಕೆ ಮುಳ್ಳು ತಿರುಗಿಸಿ ಆಕಾಶವಾಣಿ ಕೇಳಿದವರು, ಆದರೆ ಈಗಿನ ಕಡಿಮೆ ಬೆಲೆಯ ಎಷ್ಟೋ ಸೆಟ್ಟುಗಳಲ್ಲಿ ಆ 612 ಬರುವ ಎಎಂ (ಮೀಡಿಯಂ ವೇವ್) ಇರುವುದೇ ಇಲ್ಲ. ಸದ್ಯಕ್ಕೆ ಫೋನಿನಲ್ಲಿ ಪ್ರಸಾರ ಭಾರತಿಯ ಆ್ಯಪ್ ಹಾಕಿ ಬ್ಲೂಟೂತ್‌ನಲ್ಲಿ ಕೇಳಿಸುತ್ತಿದ್ದೇನೆ. ನೆಟ್‌ವರ್ಕ್ ಇಲ್ಲದ ಕಡೆ ಸಮಾಚಾರ ಅರ್ಧಕ್ಕೇ ನಿಲ್ಲುತ್ತದೆ, ಆಗ ಪೆನ್‌ಡ್ರೈವ್‌ನ ಹರಿಕಥೆಗೆ ಬದಲಾಯಿಸಿಕೊಳ್ಳುತ್ತಾರೆ. ಎಎಂ ಇರುವ, ಬ್ಲೂಟೂತೂ ಇರುವ ಸಿಂಗಲ್ ಡಿನ್ (ಡ್ಯಾಶ್‌ಬೋರ್ಡಿನ ಮಾಮೂಲಿ ಅಳತೆಯ ಒಂದು ಕಿಂಡಿಗೆ ಕೂರುವ) ಸೆಟ್ ಹುಡುಕುತ್ತಿದ್ದೇನೆ, ಸಿಕ್ಕರೆ ಇದೇ ಕಪ್ಲರ್‌ಗೆ ಅದನ್ನು ಜೋಡಿಸುತ್ತೇನೆ.