ಅಪ್ಪ ಅಮ್ಮ ಜರ್ಮನಿಗೆ ಬಂದಾಗ ಆಂಬುಲೆನ್ಸ್ ಬೇಕಾದರೆ?

ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಗೆಳೆಯರೆಲ್ಲ ನನ್ನನ್ನು ಕೇಳುವುದು ಒಂದೇ: ‘ಇಲ್ಲಿ ರಾತ್ರಿ ಹೊತ್ತು ಏನಾದರೂ ಆದರೆ ಯಾರಿಗೆ ಫೋನ್ ಮಾಡ್ಬೇಕು?’

112ಕ್ಕೆ. ನಮ್ಮ ಕಡೆ 108 ಇದ್ದ ಹಾಗೆ. ಯುರೋಪಿಯನ್ ಒಕ್ಕೂಟದ ಯಾವ ದೇಶದಲ್ಲಿದ್ದರೂ ಇದೇ ನಂಬರ್, ದುಡ್ಡು ಬೀಳುವುದಿಲ್ಲ, ಫೋನ್ ಲಾಕ್ ಆಗಿದ್ದರೂ ಹೋಗುತ್ತದೆ. ಆದರೆ ಜರ್ಮನಿಯಲ್ಲಿ ಫೋನಿನೊಳಗೆ ಸಿಮ್ ಇರಲೇಬೇಕು. ಸುಮ್ನೆ ಕರೆ ಮಾಡುವವರ ಕಾಟಕ್ಕೆ 2009ರಲ್ಲೇ ಸಿಮ್ ಇಲ್ಲದ ಕರೆಗಳನ್ನು ನಿಲ್ಲಿಸಿಬಿಟ್ಟರು. 110 ಅಂದರೆ ಪೊಲೀಸ್, ಅದು ಬೇರೆ.

ನಂಬರ್ ನನಗೂ ಗೊತ್ತಿತ್ತು. ಅಮ್ಮ ಬಂದ ಎರಡನೇ ರಾತ್ರಿ ಬಚ್ಚಲಮನೆ ಬಾಗಿಲಲ್ಲಿ ಕುಸಿದು ಕೂತಾಗ ನಾನು ಮೊದಲು ಫೋನ್ ಮಾಡಿದ್ದು ಮಾತ್ರ ಮೈಸೂರಿನ ಡಾಕ್ಟರ್ ಮಾವನಿಗೆ! ‘ನಾನು ಇಲ್ಲಿಂದ ಏನು ಮಾಡ್ಲಿ, ಆಂಬುಲೆನ್ಸ್ ಕರಿಯೋ’ ಅಂತ ಬೈಸಿಕೊಂಡ ಮೇಲೆ 112 ಒತ್ತಿದೆ. ಇಂಗ್ಲಿಷಿನಲ್ಲೇ ಮಾತಾಡಿದರು. ಎಲ್ಲಿ, ಏನಾಯಿತು, ಎಷ್ಟು ಜನಕ್ಕೆ, ಎಚ್ಚರ ಇದೆಯಾ, ಉಸಿರಾಡ್ತಿದ್ದಾರಾ ಅಂತ ಕೇಳುತ್ತಾರೆ, ಅವರು ಸಾಕು ಅನ್ನುವವರೆಗೆ ಫೋನ್ ಇಡಬಾರದು. ಮೊದಲು ವಿಳಾಸ ಹೇಳಿ, ಕಥೆ ಆಮೇಲೆ.

ಈ ವಿಳಾಸದಲ್ಲೇ ನಾವು ಎಡವುವುದು. ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಮನೆಗೆ ನಂಬರ್ ಇರುವುದಿಲ್ಲ, ಕೆಳಗೆ ಕಾಲಿಂಗ್ ಬೆಲ್ ಪಕ್ಕ ಹೆಸರಿರುತ್ತದೆ ಅಷ್ಟೇ. ನಮ್ಮ ಬೆಲ್ ಮೇಲೆ ಇನ್ನೂ ಹಳೇ ಬಾಡಿಗೆಯವನ ಹೆಸರಿತ್ತು, ಬದಲಾಯಿಸೋಣ ಬದಲಾಯಿಸೋಣ ಅಂತ ಆರು ತಿಂಗಳು ಕಳೆದಿದ್ದೆ. ಆಂಬುಲೆನ್ಸಿನವರು ಬಂದು ಕೆಳಗೆ ನನ್ನ ಹೆಸರು ಹುಡುಕುತ್ತಾ ನಿಂತಿದ್ದರು, ನಾನು ಮೂರನೇ ಮಹಡಿಯಿಂದ ಬನಿಯನ್ನಿನಲ್ಲೇ ಓಡಿದೆ. ಹಾಗಾಗಿ ಬೆಲ್ ಮೇಲಿನ ಹೆಸರು, ಮಹಡಿ, ಎಡಗಡೆಯೋ ಬಲಗಡೆಯೋ, ಮೂರನ್ನೂ ಹೇಳಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಕೆಳಗೆ ಕಳಿಸಿ.

ಜ್ವರ, ವಾಂತಿ, ಕಿವಿನೋವು, ಭಾನುವಾರ ಡಾಕ್ಟರ್ ಇಲ್ಲ, ಇಂಥದ್ದಕ್ಕೆಲ್ಲ 112 ಬೇಡ, ಕ್ಲಿನಿಕ್ ಮುಚ್ಚಿದ ಹೊತ್ತಿನಲ್ಲಿ ಡಾಕ್ಟರ್ ಸಹಾಯಕ್ಕೆ ಅಂತಲೇ 116117 ನಂಬರ್ ಇದೆ. ಎದೆನೋವು, ಬಾಯಿ ಸೊಟ್ಟಗಾಗುವುದು, ಉಸಿರು ಕಟ್ಟುವುದು ಅಂದರೆ ಮಾತ್ರ ಯೋಚನೆ ಮಾಡುತ್ತಾ ಕೂರಬೇಡಿ, 112 ಒತ್ತಿ. ಬಿಲ್ ಜಾಸ್ತಿ ಬಂದರೆ ಅಂತ ಹೆದರಬೇಡಿ, ವೀಸಾಕ್ಕೆ ಅಂತ ಕನಿಷ್ಠ 30,000 ಯೂರೋ ಇನ್ಶೂರೆನ್ಸ್ ಮಾಡಿಸಿರುತ್ತೀರಲ್ವಾ? ಆ ಕಾಗದ ಎಲ್ಲಿದೆ ಅಂತ ಗೊತ್ತಿರಲಿ. ಹಳೇ ಕಾಯಿಲೆಗಳಿಗೆ ಅದು ನಡೆಯುತ್ತದಾ ಅಂತಲೂ ಓದಿಟ್ಟುಕೊಳ್ಳಿ.

ಇನ್ನೊಂದು ಚೀಟಿ ಫ್ರಿಜ್ ಮೇಲೆ ಅಂಟಿಸಿ: ಅಪ್ಪ ಅಮ್ಮ ತಗೊಳ್ಳುವ ಮಾತ್ರೆಗಳದ್ದು. ಡೋಲೋ ಅಂದರೆ ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ, ಪ್ಯಾರಾಸಿಟಮಾಲ್ ಅಂತ ಒಳಗಿನ ಔಷಧಿಯ ಹೆಸರನ್ನೇ ಇಂಗ್ಲಿಷಿನಲ್ಲಿ ಬರೆಯಿರಿ. ಎಷ್ಟು ಹೊತ್ತಿಗೆ ಅಂತಲೂ ಬರೆಯಿರಿ. ಅಮ್ಮ ಅವತ್ತು ಬಿಪಿ ಮಾತ್ರೆಯನ್ನು ಇಂಡಿಯಾ ಟೈಮಿಗೊಂದು, ಜರ್ಮನಿ ಟೈಮಿಗೊಂದು ನುಂಗಿದ್ದರು.