ಮೊದಲು ಊಟ ಮಾಡು

ತುಮಕೂರಿನ ಸಿದ್ಧಗಂಗೆಯ ಮಕ್ಕಳ ಸಾಮೂಹಿಕ ಪ್ರಾರ್ಥನೆ ನೋಡಬೇಕೆಂದೇ ಎಷ್ಟೋ ಜನ ಮಠಕ್ಕೆ ಬರುತ್ತಾರೆ. ಹತ್ತು ಸಾವಿರದಷ್ಟು ಮಕ್ಕಳು, ಎಲ್ಲ ಜಾತಿ, ಎಲ್ಲ ಧರ್ಮದವರು, ಸಾಲಾಗಿ ಕೂತು ಒಂದೇ ದನಿಯಲ್ಲಿ ಹೇಳುವುದನ್ನು ಕೇಳಿ ಮೈ ಜುಮ್ಮೆಂದಿತು ಅಂತಾರೆ. ನಿಜವೇ. ಆದರೆ ಆ ಸಾಲಿನಲ್ಲಿ ಕೂತ ಹುಡುಗನಿಗೆ ಅದರಿಂದ ಏನು ಸಿಗುತ್ತದೆ ಅನ್ನುವುದು ಹೊರಗೆ ನಿಂತವರಿಗೆ ಸುಲಭಕ್ಕೆ ತಿಳಿಯುವುದಿಲ್ಲ.

ನಾನು ಪಾವಗಡದ ಕಡೆಯವನು. 1991ರಲ್ಲಿ ಎಂಟನೇ ತರಗತಿಗೆ ಬಂದು ಸೇರಿದೆ. ಒಂದು ತಗಡಿನ ಟ್ರಂಕು, ಒಂದು ತಟ್ಟೆ, ಒಂದು ಲೋಟ, ಹೊದೆಯಲು ಕಂಬಳಿ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯಿಂದ ಮಕ್ಕಳು ಜಾಸ್ತಿ ಬರುತ್ತಿದ್ದರು. ಇಲ್ಲಿ ಊಟಕ್ಕೂ ವಸತಿಗೂ ದುಡ್ಡು ಕೇಳುತ್ತಿರಲಿಲ್ಲವಲ್ಲ.

ಮರುವರ್ಷ ಅಪ್ಪ ತೀರಿಕೊಂಡರು. ಚಿಕ್ಕಪ್ಪ ಬಂದು ಊರಿಗೆ ಕರೆದುಕೊಂಡು ಹೋದರು. ಕಾರ್ಯವೆಲ್ಲ ಮುಗಿಸಿ ವಾಪಸ್ ಬಂದಾಗ ಮಧ್ಯಾಹ್ನವಾಗಿತ್ತು. ಟ್ರಂಕಿನ ಮೇಲೆ ಸುಮ್ನೆ ಕೂತಿದ್ದೆ. ವಾರ್ಡನ್ ಮೇಷ್ಟ್ರು ನೋಡಿದವರೇ, "ಮೊದಲು ಹೋಗಿ ಊಟ ಮಾಡಪ್ಪ. ಮಿಕ್ಕಿದ್ದೆಲ್ಲ ಆಮೇಲೆ" ಅಂದರು. ಸಮಾಧಾನದ ಬೇರೆ ಮಾತು ಆಡಲಿಲ್ಲ.

ತಟ್ಟೆ ಹಿಡಿದು ಸಾಲಿನಲ್ಲಿ ಕೂತೆ. ಮುದ್ದೆ ಇಟ್ಟು ಸಾರು ಹುಯ್ದರು. ಮಠದ ಹಿಂದಿನ ಗುರುಗಳಾದ ಅಟವಿ ಸ್ವಾಮಿಗಳ ಕಾಲದಲ್ಲಿ ಹಚ್ಚಿದ ಒಲೆ ಇಂದಿಗೂ ಆರಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಆ ಒಲೆಯ ಮುದ್ದೆ. ಮುರಿಯಲು ಹೋದರೆ ಬೆರಳು ಚುರ್ರೆಂದಿತು. ಊರಿನಲ್ಲಿದ್ದಷ್ಟು ದಿನ ಗಂಟಲಲ್ಲಿ ಇಳಿಯದ ಅನ್ನ ಅಂದು ಇಳಿಯಿತು. ಉಣ್ಣುತ್ತ ಉಣ್ಣುತ್ತಲೇ ಅಳು ಬಂತು. ಪಕ್ಕದಲ್ಲಿದ್ದ ಹಿರಿಯೂರಿನ ಹುಡುಗ ಏನಾಯ್ತು ಅಂತ ಕೇಳಲಿಲ್ಲ. ತನ್ನ ನೀರಿನ ಲೋಟವನ್ನು ನನ್ನ ಕಡೆ ಸರಿಸಿದ.

ಸಂಜೆ ಹಣೆಗೆ ವಿಭೂತಿ ಹಚ್ಚಿಕೊಂಡು ಪ್ರಾರ್ಥನೆಗೆ ಕೂತೆ. ಅರ್ಧಕ್ಕೇ ಗಂಟಲು ಕಟ್ಟಿತು. ಬಾಯಿ ಮುಚ್ಚಿಕೊಂಡೆ. ಪ್ರಾರ್ಥನೆ ಮಾತ್ರ ನಿಲ್ಲಲಿಲ್ಲ. ಹಿಂದೆ, ಮುಂದೆ, ಎರಡೂ ಪಕ್ಕದಲ್ಲಿ ನಡೆದೇ ಇತ್ತು. ನಾನು ಬಿಟ್ಟ ಮಾತನ್ನು ಬೇರೆಯವರು ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಸೇರಿಕೊಂಡೆ. ಆ ವರ್ಷವೆಲ್ಲ ಹೀಗೇ, ಬಿಡುವುದು, ಸೇರಿಕೊಳ್ಳುವುದು. ದೇವರನ್ನು ನಂಬಿದರೆ ಧೈರ್ಯ ಬರುತ್ತೆ ಅಂತ ಹಿರಿಯರು ಹೇಳುತ್ತಾರೆ, ಅಲ್ವಾ? ನನ್ನ ಮಟ್ಟಿಗೆ ನಂಬಿಕೆ ನಿಧಾನವಾಗಿ ಆಮೇಲೆ ಬಂತು. ಅಲ್ಲಿಯ ತನಕ ನನ್ನನ್ನು ಹಿಡಿದುಕೊಂಡಿದ್ದು ಆ ಸಾಲು.

ಎದುರಿಗೆ ಬುದ್ಧಿಯವರು, ಅಂದರೆ ಮಠದ ಸ್ವಾಮಿಗಳು, ಕೂತಿರುತ್ತಿದ್ದರು. ಶ್ರೀ ಶಿವಕುಮಾರ ಸ್ವಾಮಿಗಳಿಗೆ ಆಗಲೇ ಎಂಬತ್ತು ದಾಟಿತ್ತು. ನಾವು ಏಳುವುದಕ್ಕೆ ಎಷ್ಟೋ ಮೊದಲೇ ಎದ್ದು ಪೂಜೆ ಮುಗಿಸಿರುತ್ತಿದ್ದರು. ಅವರನ್ನು ಹತ್ತಿರದಿಂದ ಮಾತನಾಡಿಸಿದವನಲ್ಲ ನಾನು. ದಿನಾ ಎರಡು ಹೊತ್ತು ಅವರು ಅಲ್ಲಿ ಇರುತ್ತಾರೆ ಅನ್ನುವುದೇ ನನಗೆ ಸಾಕಾಗಿತ್ತು.

2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಮಕ್ಕಳ ಮಧ್ಯಾಹ್ನದ ಊಟ ಮುಗಿಯುವ ತನಕ ಸುದ್ದಿಯನ್ನು ಹೊರಗೆ ಹೇಳಲಿಲ್ಲ. ಹಾಗೇ ಆಗಬೇಕೆಂಬುದು ಅವರದೇ ಇಚ್ಛೆಯಾಗಿತ್ತಂತೆ. ಟೀವಿ ಮುಂದೆ ಕೂತಿದ್ದವನಿಗೆ ಇದನ್ನು ಕೇಳಿ ಕಣ್ಣು ತುಂಬಿ ಬಂತು. ನಮ್ಮ ವಾರ್ಡನ್ ಮೇಷ್ಟ್ರು ಅಂದು ಆಡಿದ ಮಾತು ಎಲ್ಲಿಂದ ಬಂದಿತ್ತು ಎಂದು ಆಗ ಗೊತ್ತಾಯಿತು.

2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆ ಜೋರಾಗಿದ್ದಾಗ, ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದೆ. ಆಕ್ಸಿಜನ್ ಹಾಕಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಗೇಟಿನ ಹೊರಗೆ ಬೈಕಿಗೆ ಒರಗಿ ನಿಂತಿರುತ್ತಿದ್ದೆ. ವಿಷಯ ಹೇಗೋ ತಿಳಿದು ಹಿರಿಯೂರಿನ ಗೆಳೆಯ ಫೋನ್ ಮಾಡಿದ. ಸರಿಯಾಗಿ ಮಠದ ಪ್ರಾರ್ಥನೆಯ ಹೊತ್ತು. "ಊಟ ಮಾಡಿದೆಯೇನೋ?" ಅಂದ. ಇಲ್ಲ ಅಂದೆ. "ಸರಿ, ನಾನು ಹೇಳ್ತೀನಿ, ನೀನು ಕೇಳ್ತಾ ಇರು" ಅಂದವನೇ ಶುರು ಮಾಡಿದ. ನಾವು ಕಲಿತ ಅದೇ ಶ್ಲೋಕ, ಅದೇ ವಚನಗಳು. ಆವತ್ತು ನನ್ನಿಂದ ದನಿ ಹೊರಡಲಿಲ್ಲ. ಅವನು ಪೂರ್ತಿ ಹೇಳಿ ಮುಗಿಸಿ, "ಈಗ ಹೋಗಿ ಏನಾದ್ರೂ ತಿನ್ನು" ಅಂತ ಫೋನಿಟ್ಟ. ಅವಳು ಮನೆಗೆ ಬರುವ ತನಕ ಒಂದು ಸಂಜೆಯನ್ನೂ ಅವನು ತಪ್ಪಿಸಲಿಲ್ಲ. ಬರಬರುತ್ತ ನಾನೂ ಜೊತೆಗೆ ಹೇಳತೊಡಗಿದೆ.

ಹೋದ ವರ್ಷ ಅವನ ತಾಯಿ ತೀರಿಕೊಂಡರು. ಆವತ್ತಿನಿಂದ ಸಂಜೆ ಫೋನ್ ಮಾಡುವವನು ನಾನು.