ಫೆಬ್ರವರಿಯಲ್ಲೂ ಮುಳುಗುವ ಸೇತುವೆ

"ಬಸ್ಸು ಇವತ್ತು ಇಲ್ಲ ಅಮ್ಮ. ಹೆಬ್ಬಾಳೆ ಸೇತುವೆ ಮೇಲೆ ನೀರು ಬಂದಿದೆ. ನಾಳೆ ನೋಡುವ."

ಅಂಗಡಿ ಕಾಕ ಇದನ್ನು ಹೇಳಿದ್ದು ಮೊನ್ನೆ ಸೋಮವಾರ, ಸಂಜೆ ಐದು ಗಂಟೆಗೆ, ಕೊನೆ ಬಸ್ಸು ಹೋದ ಮೇಲೆ. ಮೋಡದ ಚೂರೂ ಇರಲಿಲ್ಲ. ಕಣದಲ್ಲಿ ಕಾಫಿ ಒಣಗುತ್ತಿತ್ತು. ಭದ್ರೆಯಲ್ಲಿ ಬಂಡೆ ಎಣಿಸಬಹುದಿತ್ತು. ದೊಡ್ಡಮ್ಮ ತಲೆಯಾಡಿಸಿದರು. "ಹೌದಾ? ಹಾಗಾದ್ರೆ ಹೊಳೆ ಇಳೀಲಿ" ಎಂದು ಬಟ್ಟೆ ಚೀಲ ಎತ್ತಿಕೊಂಡು ಮನೆ ಕಡೆ ತಿರುಗಿದರು. ಚೀಲದಲ್ಲಿ ಒಂದು ಸೀರೆ, ಬಾಚಣಿಗೆ, ನಾಲ್ಕು ಬಾಳೆಹಣ್ಣು.

ದೊಡ್ಡಮ್ಮನಿಗೆ ಈಗ 78, ಮರೆವಿನ ಕಾಯಿಲೆ. ಹೊರನಾಡು ಕಡೆಯ ತೋಟದ ಮನೆ. ಊರಿಗೆಲ್ಲ ಫೆಬ್ರವರಿ, ಅವರಿಗೆ ಮಾತ್ರ ಆಷಾಢ. ತಾನಿನ್ನೂ ಹೊಸ ಮದುಮಗಳು, ಬಾಳೆಹೊನ್ನೂರಿನ ತವರಿಗೆ ಹೋಗಬೇಕು, ಅಪ್ಪ ಕಾಯುತ್ತಿರುತ್ತಾರೆ. ಮಲೆನಾಡಿನಲ್ಲಿ ತವರಿಗೆ ಹೋಗುವ ತಿಂಗಳೂ ಅದೇ, ಹೊಳೆ ಉಕ್ಕುವ ತಿಂಗಳೂ ಅದೇ. ಜೋರು ಮಳೆಗೆ ಹೆಬ್ಬಾಳೆ ಸೇತುವೆ ಮುಳುಗಿದರೆ ಕಳಸ-ಹೊರನಾಡು ದಾರಿ ಬಂದ್, ಹಳುವಳ್ಳಿ ಸುತ್ತಬೇಕು. ಒಳಗಿನ ಮನೆಗಳಲ್ಲಂತೂ ಸಂಕ, ಅಂದರೆ ಕಾಲುಸೇತುವೆ, ಕೊಚ್ಚಿಹೋಗಿ, ಕರೆಂಟು, ನೆಟ್‌ವರ್ಕ್ ಎರಡೂ ಹೋದರೆ ದ್ವೀಪವೇ. ಹಾಗಾಗಿ ಕಾಕನ ಸುಳ್ಳು ದೊಡ್ಡಮ್ಮನಿಗೆ ಹೊಸದೇನಲ್ಲ. ಎಷ್ಟೋ ಸಲ ಅವರೇ ಕಂಡ ನೀರು ಅದು.

ಹಿಂದಿನ ದಿನ, ಭಾನುವಾರ, ನಾನು ಬುದ್ಧಿವಂತಿಕೆ ತೋರಿಸಲು ಹೋಗಿದ್ದೆ. "ದೊಡ್ಡಮ್ಮ, ನಿಮ್ಮಪ್ಪ ತೀರಿಕೊಂಡು ಮೂವತ್ತು ವರ್ಷ ಆಯ್ತಲ್ಲ" ಎಂದುಬಿಟ್ಟೆ. ಆಗಷ್ಟೇ ಸುದ್ದಿ ಕೇಳಿದವರ ಹಾಗೆ ಅತ್ತರು. "ನಂಗ್ಯಾಕೆ ಯಾರೂ ಹೇಳ್ಲಿಲ್ಲ?" ಎಂದು ಅತ್ತಿಗೆಯ ಕೈ ಹಿಡಿದು ಕೇಳಿದರು. ಅರ್ಧ ಗಂಟೆಯಲ್ಲಿ ನಾನು ಹೇಳಿದ್ದು ಮರೆತುಹೋಯಿತು. ಸಂಕಟ ಹೋಗಲಿಲ್ಲ. ರಾತ್ರಿ ಊಟ ಬೇಡ ಎಂದರು. ಯಾಕೆ ಅಂತ ಅವರಿಗೇ ಗೊತ್ತಿಲ್ಲ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಆಲ್ಝೈಮರ್ ಕಾಯಿಲೆಯವರಿಗೆ ಸಿನಿಮಾ ತುಣುಕು ತೋರಿಸಿ ಇದನ್ನೇ ಕಂಡಿದ್ದರು, 2014ರಲ್ಲಿ. ನೋಡಿದ್ದು ಮರೆತರೂ ಅದು ತಂದ ದುಃಖ ಉಳಿಯುತ್ತದೆ ಅಂತ. ನಾನು ಅದನ್ನು ಓದಿದ್ದೆ ಬೇರೆ! ಕಾಕ ಅಂಥದ್ದೇನೂ ಓದಿಲ್ಲ.

ಬೆಂಗಳೂರಿನ ದೊಡ್ಡಣ್ಣನಿಗೆ ಇದು ಹಿಡಿಸಿಲ್ಲ. "ಊರೆಲ್ಲ ಸೇರಿ ಅಮ್ಮನಿಗೆ ಸುಳ್ಳು ಹೇಳೋದಾ? ಗೇಟಿಗೆ ಬೀಗ ಹಾಕಿ, ಕ್ಯಾಮೆರಾ ನಾನು ಹಾಕಿಸ್ತೀನಿ" ಅನ್ನುತ್ತಾನೆ. ಒಳ್ಳೆಯವನೇ, ತಿಂಗಳು ತಿಂಗಳು ದುಡ್ಡು ಕಳಿಸುತ್ತಾನೆ. ಆದರೆ ಆ ಗೇಟು ಅಲ್ಲಾಡಿಸುವ ಸದ್ದು ಇಡೀ ಸಂಜೆ ಕೇಳಬೇಕಾದವರು ಅತ್ತಿಗೆ. ಜರ್ಮನಿಯ ಡ್ಯುಸೆಲ್ಡಾರ್ಫ್‌ನಲ್ಲಿ ಒಂದು ವೃದ್ಧಾಶ್ರಮದ ಮುಂದೆ ಬಸ್ಸೇ ಬಾರದ ಬಸ್ ಸ್ಟಾಪ್ ಮಾಡಿದ್ದಾರೆ. ಮನೆಗೆ ಹೋಗಬೇಕು ಎಂದು ಹಟ ಹಿಡಿದವರು ಅಲ್ಲಿ ಕೂರುತ್ತಾರೆ. ಹೊರಟಿದ್ದೇ ಮರೆತ ಮೇಲೆ ಯಾರಾದರೂ ಕರೆದರೆ ಒಳಗೆ ಬರುತ್ತಾರೆ. ನಮ್ಮಲ್ಲಿ ಬಸ್ ಸ್ಟಾಪ್ ನಿಜದ್ದೇ, ನೀರೊಂದು ಸುಳ್ಳು.

ಸುಳ್ಳಿಗಿಂತ ನನಗೆ ಕೋಪ ಬರುವುದು ನೋಡಲು ಬರುವ ನೆಂಟರ ಮೇಲೆ. ಕೂತ ತಕ್ಷಣ, "ನಾನ್ಯಾರು ಹೇಳಿ ನೋಡೋಣ?" ಅದೇನು ಪರೀಕ್ಷೆಯೋ! ದೊಡ್ಡಮ್ಮ ಸೆರಗು ತಿರುಚುತ್ತಾ ನಗುತ್ತಾರೆ. ಹೊರಡುವಾಗ ಇವರದ್ದು "ಅರವತ್ತಕ್ಕೆ ಅರಳು ಮರಳು" ಅಂತ ತಮಾಷೆ. ಜಪಾನಿನಲ್ಲಿ ಈ ಕಾಯಿಲೆಯ ಹಳೆಯ ಹೆಸರಿನಲ್ಲಿ ಪೆದ್ದುತನದ ಅರ್ಥ ಇತ್ತೆಂದು 2004ರಲ್ಲಿ ಸರ್ಕಾರವೇ ಹೆಸರು ಬದಲಾಯಿಸಿತು. ಮರುವರ್ಷದಿಂದ ಅಂಗಡಿಯವರು, ಬ್ಯಾಂಕಿನವರು, ಶಾಲೆ ಮಕ್ಕಳಿಗೆಲ್ಲ ಒಂದೂವರೆ ಗಂಟೆಯ ಪಾಠ ಹೇಳಿ, ಮಣಿಕಟ್ಟಿಗೆ ಕಿತ್ತಳೆ ಬಣ್ಣದ ಪಟ್ಟಿ ಕೊಟ್ಟರು. ನಮ್ಮ ನೆಂಟರನ್ನೂ ಅಲ್ಲಿ ಕೂರಿಸಬೇಕಿತ್ತು.

ಇಲ್ಲಿ ಪಾಠ, ಪಟ್ಟಿ ಯಾವುದೂ ಇಲ್ಲ. ದೊಡ್ಡ ಡಾಕ್ಟರ್ ಬೇಕೆಂದರೆ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು. ದಿನ ನಡೆಯುವುದು ಊರವರಿಂದಲೇ. ದೊಡ್ಡಮ್ಮ ಹಳ್ಳದ ಕಡೆ ತಿರುಗಿದರೆ ತೋಟದ ಕೆಲಸದವರ ಲೈನ್ ಮನೆಯ ಹೆಂಗಸರು ಕೂಗಿ ಹೇಳುತ್ತಾರೆ. ಜೀಪಿನ ಹುಡುಗ ದಾರಿಯಲ್ಲಿ ಕಂಡರೆ ಹತ್ತಿಸಿಕೊಂಡು ಬಂದು ಅಂಗಳದಲ್ಲಿ ಇಳಿಸುತ್ತಾನೆ. ಶಾಲೆ ಬಿಟ್ಟ ಮಕ್ಕಳಿಗೂ ಬಾಯಿಪಾಠ, "ನೀರು ಬಂದಿದೆ ಅಜ್ಜಿ!" ಯಾರೂ ಮೀಟಿಂಗ್ ಮಾಡಿ ತೀರ್ಮಾನಿಸಿದ್ದಲ್ಲ. ಹಾಗಂತ ಇದು ಹೀಗೇ ನಡೆಯುತ್ತದೆ ಅನ್ನುವ ಧೈರ್ಯವೂ ನನಗಿಲ್ಲ. ಕಾಕನಿಗೇ 70 ದಾಟಿದೆ. ಅಂಗಡಿ ಮುಚ್ಚಿ ಮಗಳ ಮನೆಗೆ ಹೋಗುವ ಮಾತಿದೆಯಂತೆ. ಅಷ್ಟು ಹೇಳಿ ಅತ್ತಿಗೆ ಒಲೆ ಕಡೆ ತಿರುಗಿದರು.

ಬುಧವಾರ ಕಾಕ ಇರಲಿಲ್ಲ, ಕಳಸಕ್ಕೆ ಹೋಗಿದ್ದರು. ನಾನು ಚಿಕ್ಕಮಗಳೂರಿಗೆ ವಾಪಸ್ ಹೊರಟಿದ್ದೆ. ಬೈಕ್ ಬಸ್ ಸ್ಟಾಪಿನ ಹತ್ತಿರ ಬರುವಾಗ ದೊಡ್ಡಮ್ಮ ಚೀಲ ಹಿಡಿದು ಕೂತಿದ್ದಾರೆ. ಬೇರೆ ಯಾರೂ ಇಲ್ಲ. ಇಳಿದು ಹೇಳಿದೆ, "ಬಸ್ಸು ಇವತ್ತು ಇಲ್ಲ ದೊಡ್ಡಮ್ಮ. ಸೇತುವೆ ಮೇಲೆ ನೀರು."

ಅವರು ನನ್ನ ಮುಖವನ್ನೇ ನೋಡಿದರು. "ನೀನು ನೋಡಿ ಬಂದ್ಯಾ?"

ಕಾಕನನ್ನು ಒಂದು ದಿನವೂ ಹಾಗೆ ಕೇಳಿದವರಲ್ಲ.

"ಹೂಂ, ನೋಡೇ ಬಂದೆ."

ಬೈಕ್ ನೋಡಿದರು. ಹಿಂದೆ ಕಟ್ಟಿದ್ದ ಬ್ಯಾಗ್ ನೋಡಿದರು. "ಮತ್ತೆ ನೀನೆಲ್ಲಿಗೆ ಹೊರಟಿದ್ದು? ನೀರಿರುವಾಗ ಹೊಳೆ ದಾಟ್ತಾರಾ ಯಾರಾದ್ರೂ? ಬಾ ಮನೆಗೆ. ಉಂಡು ಮಲಗು. ನಾಳೆ ನೋಡುವ."

ಬೈಕ್ ತಿರುಗಿಸಿ, ತಳ್ಳಿಕೊಂಡು ಅವರ ಹಿಂದೆ ಹೋದೆ.